ಒಂದು ವರ್ಷ ಹಳೆಯ ಹಚ್ಚೆಯನ್ನು ತೋರಿಸಿ

ಶ್ರೋತೃಗಳಿಗೆ ನಮಸ್ಕಾರ. ಮುಂಬಯಿಯ ಮಾಟುಂಗಾದಲ್ಲಿ ಚರ್ಮರೋಗ ವೈದ್ಯೆಯಾಗಿ ಮೂವತ್ತು ವರ್ಷ ಕಳೆದಿರುವ ನಾನು ಇಂದು ಹಚ್ಚೆ ಹಾಕುವವರ ಕೈಯ ಹದವನ್ನು ಕುರಿತು ಮಾತನಾಡಲು ಬಂದಿದ್ದೇನೆ. ಅಂಧೇರಿಯ ಕಚೇರಿಗಳಲ್ಲಿ ದುಡಿಯುತ್ತಿರುವ ನಮ್ಮ ಹುಡುಗ ಹುಡುಗಿಯರು ಮತ್ತು ಅವರ ತೋಳನ್ನು ಕಂಡು ಗಾಬರಿಯಾಗುವ ತಂದೆತಾಯಿಗಳು ಇಬ್ಬರೂ ಕೇಳುತ್ತಿದ್ದೀರೆಂದು ಭಾವಿಸಿಯೇ ಹೇಳುತ್ತೇನೆ. ಹಚ್ಚೆ ಬೇಕೋ ಬೇಡವೋ ಎಂಬುದು ನಿಮ್ಮ ಮನೆಯೊಳಗಿನ ಮಾತು, ಅದಕ್ಕೆ ನಾನು ಬರುವುದಿಲ್ಲ. ಬೇಕೆಂದು ತೀರ್ಮಾನವಾದ ಮೇಲೆ ಯಾರ ಕೈಗೆ ಚರ್ಮವನ್ನು ಒಪ್ಪಿಸಬೇಕೆಂದು ತಿಳಿಯಲು ಒಂದೇ ಒಂದು ಪರೀಕ್ಷೆಯಿದೆ. ಅಂಗಡಿಯೊಳಗೆ ಹೋದವರು, "ನೀವು ಹಾಕಿ ಒಂದು ವರ್ಷ ಕಳೆದಿರುವ ಹಚ್ಚೆಯನ್ನು ತೋರಿಸಿ" ಎಂದು ಕೇಳಿ.

ಇದಕ್ಕೆ ಕಾರಣ ಚರ್ಮದ ರಚನೆಯಲ್ಲಿಯೇ ಇದೆ. ನಮ್ಮ ಚರ್ಮದ ಮೇಲ್ಪದರವು ಕಾಗದದಷ್ಟು ತೆಳುವಾಗಿದ್ದು, ಸುಮಾರು ತಿಂಗಳಿಗೊಮ್ಮೆ ಉದುರಿ ಹೊಸದಾಗುತ್ತಲೇ ಇರುತ್ತದೆ. ಅಲ್ಲಿ ಉಳಿದ ಮಸಿ ಪದರದೊಂದಿಗೇ ಹೋಗಿಬಿಡುತ್ತದೆ. ಅದರ ಕೆಳಗಿನ ಒಳಚರ್ಮದಲ್ಲಿ, ಅಂದರೆ ಮೇಲಿನಿಂದ 1ರಿಂದ 2 ಮಿಲಿಮೀಟರ್ ಆಳದಲ್ಲಿ ಮಸಿ ನಿಂತರೆ, ಕಸ ಬಾಚುವ ನಮ್ಮ ದೇಹದ ಕೋಶಗಳು ಅದನ್ನು ನುಂಗಿ ಜೀರ್ಣಿಸಿಕೊಳ್ಳಲಾರದೆ ಹೊಟ್ಟೆಯಲ್ಲಿಟ್ಟುಕೊಂಡು ಅಲ್ಲಿಯೇ ಉಳಿದುಬಿಡುತ್ತವೆ. ಸೂಜಿ ಇನ್ನೂ ಆಳಕ್ಕೆ ಇಳಿದರೆ ಮಸಿಯು ಕೊಬ್ಬಿನ ಪದರದಲ್ಲಿ ಹರಡಿ, ಒದ್ದೆ ಕಾಗದದ ಮೇಲೆ ಬಿದ್ದ ಶಾಯಿಯಂತೆ ಗೆರೆಯ ಸುತ್ತ ನೀಲಿ ನೆರಳು ಕಟ್ಟುತ್ತದೆ. ಒಂದು ಮಿಲಿಮೀಟರಿನ ಈ ಅವಕಾಶದೊಳಗೆ, ಮೊಣಕೈಯ ಬಳಿ ದಪ್ಪಗೂ ಮಣಿಕಟ್ಟಿನ ಒಳಭಾಗದಲ್ಲಿ ತೆಳ್ಳಗೂ ಇರುವ ಚರ್ಮದ ಮೇಲೆ, ನೋವಿಗೆ ಅದುರುತ್ತಿರುವ ಮನುಷ್ಯನ ತೋಳನ್ನು ಹಿಡಿದುಕೊಂಡು ಗೆರೆ ಎಳೆಯುವವರನ್ನು ನಾನು ಕುಶಲಕರ್ಮಿಗಳೆಂದು ಗೌರವಿಸುತ್ತೇನೆ. ಹಚ್ಚೆ ಹಾಕಿದ ದಿನ ತೆಗೆದ ಚಿತ್ರದಲ್ಲಿ ಈ ಆಳ ಕಾಣುವುದಿಲ್ಲ. ಅಂದು ಎಲ್ಲರ ಗೆರೆಯೂ ಕಪ್ಪಗೆ, ಚೂಪಾಗಿಯೇ ಇರುತ್ತದೆ. ಆದ್ದರಿಂದಲೇ ಒಂದು ವರ್ಷ ಹಳೆಯದನ್ನು ಕೇಳಿ ಎನ್ನುತ್ತಿದ್ದೇನೆ.

ನನ್ನ ಅಜ್ಜಿಯ ಮುಂಗೈ ಮೇಲೆ ಕೊರವಂಜಿಯೊಬ್ಬಳು ಹಾಕಿದ ತುಳಸಿಕಟ್ಟೆಯಿತ್ತು. ಮೂರು ನಾಲ್ಕು ಸೂಜಿಗಳನ್ನು ದಾರದಿಂದ ಬಿಗಿದು, ದೀಪದ ಕಾಡಿಗೆಗೆ ಸೊಪ್ಪಿನ ರಸ ಬೆರೆಸಿ ಚುಚ್ಚಿದ್ದ ಆ ಚುಕ್ಕೆಗಳು ಅಜ್ಜಿಯ ಇಳಿವಯಸ್ಸಿನಲ್ಲಿ ಹಸಿರಾಗಿದ್ದರೂ ಒಂದೊಂದನ್ನೂ ಎಣಿಸಬಹುದಾಗಿತ್ತು. ಕಾಗದದಲ್ಲಿ ಸೂಜಿಯಿಂದ ತೂತು ಚುಚ್ಚುತ್ತ ಬರೆಯುವ ಎಡಿಸನ್ನನ ವಿದ್ಯುತ್ ಲೇಖನಿಯನ್ನು ಆಧಾರವಾಗಿಟ್ಟುಕೊಂಡು ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಒ'ರೈಲಿ ಎಂಬಾತ 1891ರಲ್ಲಿ ಹಚ್ಚೆಯ ಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ ಕೆಲಸದ ವೇಗ ಹೆಚ್ಚಿತು. ಆಳವನ್ನು ಅಳೆಯುವ ಕೆಲಸವಂತೂ ಇಂದಿಗೂ ಬೆರಳಿನದೇ.

ಈಗ ನನ್ನ ಅಕ್ಕನ ಮಗನ ಕಥೆಯನ್ನು ಹೇಳಲೇಬೇಕು. ಗದಗಿನಿಂದ ಇಲ್ಲಿಗೆ ಕೆಲಸಕ್ಕೆ ಬಂದ ಹೊಸತರಲ್ಲಿ ಅವನು ಒಂದು ಮಾಲ್‌ನ ಮಳಿಗೆಗೆ ಹೋಗಿ, ಎಡ ಮಣಿಕಟ್ಟಿನ ಮೇಲೆ ಉಗುರಿನಷ್ಟು ಅಗಲದಲ್ಲಿ 'ಅವ್ವ' ಎಂದು ಹಾಕಿಸಿಕೊಂಡು ಬಂದ. ಅಂದು ಅಕ್ಷರ ಮುತ್ತಿನಂತಿತ್ತು. ಎರಡು ವರ್ಷ ಕಳೆಯುವುದರೊಳಗೆ 'ವ'ದ ಬಾಲ ಉಬ್ಬಿಕೊಂಡು ಓದಿದವರೆಲ್ಲ 'ಅಮ್ಮ' ಎನ್ನತೊಡಗಿದರು, ಆಮೇಲೆ ಒಳಗಿನ ಬಿಳಿ ಜಾಗವೆಲ್ಲ ಮುಚ್ಚಿ ಅದು ಅಕ್ಷರವೆಂದೇ ತಿಳಿಯದಂತಾಯಿತು. ನಮ್ಮ ಲಿಪಿ ದುಂಡನೆಯದು. ಅದರ ತುಂಬ ಹೊಟ್ಟೆ, ಸುರುಳಿ, ಒತ್ತು. ಮಸಿ ಕೂದಲೆಳೆಯಷ್ಟು ಹರಡಿದರೂ ಕನ್ನಡದ ಅಕ್ಷರ ಕಣ್ಣು ಮುಚ್ಚಿಬಿಡುತ್ತದೆ.

"ಚಿಗವ್ವ, ಇದನ್ನ ಅವ್ವಗ ಹೆಂಗ ತೋರಿಸ್ಲಿ?" ಎಂದು ಅವನು ಕೇಳಿದಾಗ ನಾನೇ ಅವನನ್ನು ದಾದರಿನ ಒಬ್ಬ ಕಲಾವಿದರ ಬಳಿಗೆ ಕರೆದುಕೊಂಡು ಹೋದೆ. ಅವರ ಮಾತೃಭಾಷೆ ಮರಾಠಿ, ಕನ್ನಡದ ಒಂದಕ್ಷರವೂ ಬಾರದು. ನಾನು ಕುಳಿತುಕೊಳ್ಳುವ ಮೊದಲೇ ಒಂದು ವರ್ಷ ಹಳೆಯ ಕೆಲಸವನ್ನು ತೋರಿಸಿ ಎಂದೆ. ಅವರ ಮುಖ ಅರಳಿತು. ಪ್ರತಿ ಗಿರಾಕಿಯದೂ ಮೂರು ಮೂರು ಚಿತ್ರಗಳು ಅವರಲ್ಲಿದ್ದವು: ಹಾಕಿದ ದಿನದ್ದು, ಒಂದು ತಿಂಗಳಿನದು, ಎರಡು ವರ್ಷದ್ದು. ಅದೂ ಸಾಲದೆಂದು ತಮ್ಮ ಸಹಾಯಕನ ತೋಳನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು.

ಅಕ್ಕ ಹಾಸ್ಟೆಲಿಗೆ ಬರೆದಿದ್ದ ಹಳೆಯ ಪತ್ರವೊಂದರ ಕೊನೆಯಲ್ಲಿ 'ನಿನ್ನ ಅವ್ವ' ಎಂದಿತ್ತು. ಈ ಸಲ ಬಲ ಮಣಿಕಟ್ಟಿನ ಮೇಲೆ ಆ ಕೈಬರಹವೇ ಬೇಕೆಂದು ಹುಡುಗನ ಹಟ. ಕಲಾವಿದರು ನನ್ನ ಕೈಗೆ ಪೆನ್ನು ಕೊಟ್ಟು, "ಮೇಡಮ್, ನಿಧಾನವಾಗಿ ಬರೆಯಿರಿ, ಪೆನ್ನು ಎಲ್ಲಿಂದ ಹೊರಟು ಎಲ್ಲಿ ತಿರುಗುತ್ತದೆಂದು ನಾನು ನೋಡಬೇಕು" ಎಂದರು. ಹತ್ತು ಸಲ ಬರೆಸಿದರು. 'ವ' ಮತ್ತು 'ಮ'ಗಳ ಬಾಲ ಎಲ್ಲಿ ಬೇರೆಯಾಗುತ್ತದೆ, ಒತ್ತು ಎಷ್ಟು ಕೆಳಗೆ ಕೂರಬೇಕು, ತಲೆಕಟ್ಟು ಎತ್ತ ವಾಲುತ್ತದೆ ಎಂದು ಒಂದೊಂದನ್ನೇ ಕೇಳಿ ತಿಳಿದುಕೊಂಡರು. ಹುಡುಗ ಅಂದೇ ಹಾಕಿಬಿಡಿ ಎಂದರೆ ಒಪ್ಪದೆ, ಎರಡು ವಾರ ಬಿಟ್ಟು ಬರಹೇಳಿದರು. ನಾವು ಮತ್ತೆ ಹೋದಾಗ ಅವರ ಮೇಜಿನ ಮೇಲೆ ಪುಟಗಟ್ಟಲೆ 'ಅವ್ವ' ಬರೆದಿಟ್ಟಿದ್ದ ವಹಿಯೊಂದಿತ್ತು. ಚಿಕ್ಕದಾಗಿ ಸಾಕೆಂದು ಅವನು ಎಷ್ಟು ಕೇಳಿಕೊಂಡರೂ, 'ವ'ದ ಹೊಟ್ಟೆಯೊಳಗೆ ಉದ್ದಿನಕಾಳೊಂದು ಸಲೀಸಾಗಿ ಕೂರುವಷ್ಟು ಜಾಗವಿರದಿದ್ದರೆ ತಾನು ಸೂಜಿಯನ್ನೇ ಎತ್ತುವುದಿಲ್ಲ ಎಂದುಬಿಟ್ಟರು. ಆ ಮಾತನ್ನು ಕೇಳಿದಾಗಲೇ ನನಗೆ ಇವರು ಬಲ್ಲವರು ಎನಿಸಿತು.

ಎಡಗೈಯ ಬೆರಳುಗಳಿಂದ ಚರ್ಮವನ್ನು ತಮಟೆಯಂತೆ ಬಿಗಿಯಾಗಿ ಎಳೆದು ಹಿಡಿದು, ಉಸಿರು ಬಿಡುತ್ತ, ಕೈಯೆತ್ತದೆ ಒಂದೇ ಎಳೆತದಲ್ಲಿ ಅವರು ಒಂದೊಂದು ಸುರುಳಿಯನ್ನೂ ಮುಗಿಸುತ್ತಿದ್ದರು. ಎರಡು ಅಕ್ಷರಕ್ಕೆ ನಲವತ್ತು ನಿಮಿಷ ಹಿಡಿಯಿತು. ಇದು ನಡೆದು ಎಂಟು ವರ್ಷವಾಗಿದೆ. ಅದೇ ಮನುಷ್ಯ, ಅದೇ ಮುಂಬಯಿಯ ಬಿಸಿಲು, ಅದೇ ಲೋಕಲ್ ರೈಲಿನ ಬೆವರು. ಎಡಗೈಯದು ಮಸಿಯ ಕಲೆ, ಬಲಗೈಯದು ಅಕ್ಕನ ಕೈಬರಹ. ನಾನು ಕಿರಿಯ ವೈದ್ಯರಿಗೆ ಅವನ ಎರಡೂ ಕೈಗಳನ್ನು ತೋರಿಸಿ ಪಾಠ ಹೇಳಿದ್ದೇನೆ.

ಕಥೆ ಉದ್ದವಾಯಿತು, ನನಗೆ ಕೊಟ್ಟ ಸಮಯ ಕರಗುತ್ತಿದೆ. ಶುಚಿತ್ವದ ಮಾತನ್ನು ಬೇಗ ಹೇಳಿಬಿಡುತ್ತೇನೆ. ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು, ಮಸಿಯನ್ನು ನಿಮಗೆಂದೇ ಪುಟ್ಟ ಬಟ್ಟಲಿಗೆ ಹೊಸದಾಗಿ ಸುರಿಯಬೇಕು, ಮತ್ತೆ ಬಳಸುವ ಲೋಹದ ಸಲಕರಣೆಗಳನ್ನು ಆಟೋಕ್ಲೇವ್‌ನಲ್ಲಿ, ಅಂದರೆ ಒತ್ತಡದ ಹಬೆಯಿಂದ ಕ್ರಿಮಿಗಳನ್ನು ಕೊಲ್ಲುವ ಪಾತ್ರೆಯಲ್ಲಿ, 121 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಇಟ್ಟಿರಬೇಕು. ಜಾತ್ರೆಯಲ್ಲಿ ಸಾಲು ನಿಂತವರಿಗೆಲ್ಲ ಒಂದೇ ಸೂಜಿ ಚುಚ್ಚುವವರ ಹತ್ತಿರ ದಯವಿಟ್ಟು ಹೋಗಬೇಡಿ. ಹೆಪಟೈಟಿಸ್ ಬಿ ಮತ್ತು ಸಿ, ಎಚ್ಐವಿ ಇವೆಲ್ಲ ರಕ್ತದ ಮೂಲಕ ಹರಡುವಂಥವು. ಗಣೇಶೋತ್ಸವದ ಮಂಡಲಗಳಲ್ಲಿ ರಕ್ತದಾನ ಮಾಡುವ ಹುಡುಗರಿಗೆ ಇನ್ನೊಂದು ಮಾತು: ಹಚ್ಚೆ ಹಾಕಿಸಿಕೊಂಡ ಮೇಲೆ 12 ತಿಂಗಳು ರಕ್ತ ಕೊಡುವಂತಿಲ್ಲ.

ನಮ್ಮ ಗೋಧಿ ಮತ್ತು ಕಪ್ಪು ಮೈಬಣ್ಣದ ಮೇಲೆ ಬಿಳಿ, ಹಳದಿ ಮಸಿಗಳು ಎದ್ದು ಕಾಣುವುದಿಲ್ಲ. ಪರದೇಶದ ಬಿಳಿ ತೋಳಿನ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದಾಗ, ಇದು ನಿಮ್ಮ ಮೈಗೆ ಹೀಗೆ ಕೂರದು ಎಂದು ನೇರವಾಗಿ ಹೇಳುವವರನ್ನು ನಂಬಿ. ಹಾಗೆಯೇ, ಒಳಗೆ ಕಾಲಿಟ್ಟ ಕೂಡಲೇ ಇಂಚಿಗೆ ಎಷ್ಟು ಎಂದು ಚೌಕಾಶಿಗೆ ಇಳಿಯುವುದನ್ನು ನಿಲ್ಲಿಸಿ. ಇದು ಬಟ್ಟೆಯ ಅಂಗಡಿಯಲ್ಲ. ಅಗ್ಗದ ಹಚ್ಚೆಯನ್ನು ಅಳಿಸಲು ನನ್ನ ಲೇಸರ್ ಯಂತ್ರದ ಮುಂದೆ ಆರೆಂಟು ವಾರಗಳಿಗೊಮ್ಮೆಯಂತೆ ಹಲವು ಸಲ ಬಂದು ಕೂರುವವರು, ಹಾಕಿಸಲು ಕೊಟ್ಟದ್ದರ ಎಷ್ಟೋ ಪಟ್ಟು ಹಣವನ್ನು ತೆರುತ್ತಾರೆ. ಅವರಲ್ಲಿ ಒಬ್ಬರಾದರೂ ಒಂದು ವರ್ಷ ಹಳೆಯ ಕೆಲಸವನ್ನು ತೋರಿಸಿ ಎಂದು ಮೊದಲು ಕೇಳಿದ್ದಿಲ್ಲ.

ಹಾಕಿಸಿಕೊಂಡ ಎರಡು ಮೂರು ವಾರ ಜುಹುವಿನ ನೀರಿಗೂ ಈಜುಕೊಳಕ್ಕೂ ಇಳಿಯಬೇಡಿ, ಹಕ್ಕಳೆಯನ್ನು ಕೀಳಬೇಡಿ, ಬಿಸಿಲಿನಿಂದ ಮುಚ್ಚಿಕೊಳ್ಳಿ. ಒಳ್ಳೆಯ ಕಲಾವಿದರು ತಿಂಗಳ ನಂತರ ಬಂದು ತೋರಿಸಿ ಎನ್ನುತ್ತಾರೆ, ತಪ್ಪದೆ ಹೋಗಿ. ವರ್ಷ ತುಂಬಿದ ಮೇಲೂ ಒಮ್ಮೆ ಹೋಗಿ ಬನ್ನಿ, ಆ ತೋಳಿನ ಚಿತ್ರವನ್ನು ತೆಗೆದುಕೊಳ್ಳಲು ಅವರಿಗೆ ಬಿಡಿ. ಮುಂದೆ ಬಾಗಿಲಲ್ಲಿ ನಿಂತು ಹಳೆಯ ಹಚ್ಚೆಯನ್ನು ಕೇಳುವವರಿಗೆ ಅವರು ಅದನ್ನೇ ತೋರಿಸಲಿ. ನಮಸ್ಕಾರ.