ಪೆಟ್ಟಿಗೆಯೊಳಗಿನ ಸದ್ದು

ಕೇಳುಗರಿಗೆ ನಮಸ್ಕಾರ.

ಮನೆ ಬದಲಾಯಿಸುವಾಗ ಕಬ್ಬಿಣದ ಬೀರುವನ್ನು ಮಹಡಿಗೆ ಹತ್ತಿಸಿದ ಅನುಭವ ನಿಮ್ಮಲ್ಲಿ ಹಲವರಿಗೆ ಇದ್ದೀತು. ಅಂಥ ಹೊತ್ತಿನಲ್ಲಿ 'ಇನ್ನೊಂದಿಷ್ಟು ಎಡಕ್ಕೆ, ಹುಷಾರು' ಎಂದು ಅಪ್ಪಣೆ ಕೊಡುವ ಒಬ್ಬರು ಇದ್ದೇ ಇರುತ್ತಾರೆ. ಅವರು ಮಾತ್ರ ಬೀರುವಿನ ಕೆಳಗೆ ಎಂದೂ ಇರುವುದಿಲ್ಲ. ಹಾಲಿವುಡ್ಡಿನ ಹಾಸ್ಯನಟರಾದ ಲಾರೆಲ್ ಮತ್ತು ಹಾರ್ಡಿ ಜೋಡಿಯ ಲೋಕದಲ್ಲಿ ಈ ನ್ಯಾಯ ತಿರುಗುಮುರುಗು. ಅಲ್ಲಿ ಅಪ್ಪಣೆ ಕೊಡುವವನು ದಪ್ಪನೆಯ ಆಲಿವರ್ ಹಾರ್ಡಿ. ಪೆಟ್ಟಿಗೆ ಬಂದು ಕೂರುವುದೂ ಅವನ ಬೆನ್ನ ಮೇಲೆಯೇ.

ನಾನು ಹೇಳಹೊರಟಿರುವುದು 1932ರಲ್ಲಿ ತೆರೆಗೆ ಬಂದ 'ದಿ ಮ್ಯೂಸಿಕ್ ಬಾಕ್ಸ್' ಎಂಬ ಕಿರುಚಿತ್ರದ ಬಗ್ಗೆ. ಹ್ಯಾಲ್ ರೋಚ್ ಅದರ ನಿರ್ಮಾಪಕ, ಜೇಮ್ಸ್ ಪ್ಯಾರಟ್ ನಿರ್ದೇಶಕ. ಮೂರು ರೀಲು, ಅರ್ಧ ಗಂಟೆಗೆ ತುಸು ಕಡಿಮೆ. ಕಥೆಯನ್ನು ಒಂದೇ ಉಸಿರಿನಲ್ಲಿ ಹೇಳಿಬಿಡಬಹುದು: ಒಬ್ಬ ಗೃಹಿಣಿ ಗಂಡನ ಹುಟ್ಟುಹಬ್ಬಕ್ಕೆಂದು ಗುಟ್ಟಾಗಿ ಪಿಯಾನೊ ಕೊಳ್ಳುತ್ತಾಳೆ, ಅದನ್ನು ಮನೆಗೆ ಮುಟ್ಟಿಸುವ ಗುತ್ತಿಗೆ ಈ ಇಬ್ಬರದು, ಮನೆ ಇರುವುದು ಉದ್ದನೆಯ ಮೆಟ್ಟಿಲುಸಾಲಿನ ತುದಿಯಲ್ಲಿ. ಅಷ್ಟೇ.

ಆ ಮೆಟ್ಟಿಲುಗಳು ಸ್ಟುಡಿಯೋದ ಸೆಟ್ಟಲ್ಲ. ಲಾಸ್ ಏಂಜಲೀಸ್ ನಗರದ ಸಿಲ್ವರ್ ಲೇಕ್ ಬಡಾವಣೆಯಲ್ಲಿ, ವೆಂಡೋಮ್ ಬೀದಿಯಿಂದ ಮೇಲಕ್ಕೆ ಹೋಗುವ 133 ಮೆಟ್ಟಿಲುಗಳವು, ಈಗಲೂ ಇವೆ. ಈ ಜೋಡಿ ಅಲ್ಲಿಗೆ ಹೋದದ್ದು ಅದು ಮೊದಲ ಸಲವೇನೂ ಅಲ್ಲ. 1927ರಲ್ಲಿ, ಮೂಕಿಚಿತ್ರಗಳ ಕಾಲದಲ್ಲಿ, 'ಹ್ಯಾಟ್ಸ್ ಆಫ್' ಎಂಬ ಚಿತ್ರಕ್ಕಾಗಿ ಇದೇ ಮೆಟ್ಟಿಲುಗಳನ್ನು ಹತ್ತಿಳಿದಿದ್ದರು. ಆಗ ಹೊತ್ತದ್ದು ಬಟ್ಟೆ ಒಗೆಯುವ ಯಂತ್ರ. ಆ ಚಿತ್ರದ ಪ್ರತಿ ಇಂದು ಎಲ್ಲಿಯೂ ಉಳಿದಿಲ್ಲ.

ಐದು ವರ್ಷ ಕಳೆದು, ಸಿನಿಮಾಕ್ಕೆ ಮಾತು ಬಂದ ಮೇಲೆ, ಅದೇ ಜಾಗಕ್ಕೆ ಮರಳಿ ಬಂದಾಗ ಅವರು ಮೆಟ್ಟಿಲು ಬದಲಿಸಲಿಲ್ಲ, ತಮ್ಮ ಟೋಪಿ ಬದಲಿಸಲಿಲ್ಲ. ಬದಲಿಸಿದ್ದು ಸಾಮಾನನ್ನು. ನನಗೆ ಈ ಚಿತ್ರದ ಜಾಣತನವೆಲ್ಲ ಇಲ್ಲಿದೆ ಎನಿಸುತ್ತದೆ. ಒಗೆಯುವ ಯಂತ್ರ ಉರುಳಿದರೆ ಬರೀ ಧಡಧಡ. ಪಿಯಾನೊ ಉರುಳಿದರೆ? ಅದು ನರಳುತ್ತದೆ. ಹಲಗೆಪೆಟ್ಟಿಗೆಯೊಳಗೆ ಮುಚ್ಚಿಟ್ಟ ಆ ವಾದ್ಯ ಬಹಳ ಹೊತ್ತು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ, ಕಿವಿಗೆ ಮಾತ್ರ ಬೀಳುತ್ತದೆ. ಒಂದು ಮೆಟ್ಟಿಲು ಹತ್ತಿದರೆ ತಂತಿಗಳ ಸಣ್ಣ ಝಣಕಾರ. ನೆಲಕ್ಕೆ ಇಳಿಸಿದರೆ ಒಂದು ನಿಟ್ಟುಸಿರು. ಕೈ ತಪ್ಪಿ ಜಾರಿದರೆ ಬೀದಿಯವರೆಗೂ ತಂತಿಗಳ ಗೋಳಾಟ. ಕೊನೆಗೆ ಆ ಪೆಟ್ಟಿಗೆಯ ಮೇಲೆ ಕನಿಕರ ಹುಟ್ಟುತ್ತದೆ. ಇಬ್ಬರ ಚಿತ್ರವಲ್ಲ ಇದು, ಮೂವರದು.

ಆ ದಿನಗಳಲ್ಲಿ ಮಾತು ಎಂಬುದು ಹಾಸ್ಯನಟರಿಗೆ ವರಕ್ಕಿಂತ ಹೆಚ್ಚಾಗಿ ಪೀಡೆಯಾಗಿ ಬಂದಿತ್ತು. ಚಾಪ್ಲಿನ್ 1931ರಲ್ಲಿಯೂ 'ಸಿಟಿ ಲೈಟ್ಸ್' ಚಿತ್ರವನ್ನು ಸಂಭಾಷಣೆ ಇಲ್ಲದೆಯೇ ತೆಗೆದರು. ಬಸ್ಟರ್ ಕೀಟನ್ ಅವರಿಗೆ ದೊಡ್ಡ ಸ್ಟುಡಿಯೋದ ಕಟ್ಟುಪಾಡಿನಲ್ಲಿ ಕೈಕಾಲು ಆಡದಂತಾಯಿತು. ಲಾರೆಲ್ ಮತ್ತು ಹಾರ್ಡಿ ಮಾತ್ರ ಹೊಸಿಲು ದಾಟಿದಷ್ಟು ಸಲೀಸಾಗಿ ಈಚೆಗೆ ಬಂದರು. ಅವರು ಮೊದಲಿನಿಂದಲೂ ನಿಧಾನಸ್ಥರು. ಲಾರೆಲ್ ಇಂಗ್ಲೆಂಡಿನ ಅಲ್ವರ್ಸ್ಟನ್ನಿನವರು, ಚಾಪ್ಲಿನ್ ಇದ್ದ ಕಾರ್ನೊ ನಾಟಕ ತಂಡದಲ್ಲಿಯೇ ಪಳಗಿದವರು. ಹಾರ್ಡಿ ಅಮೆರಿಕದ ಜಾರ್ಜಿಯದವರು. ಏಟು ಬಿದ್ದ ಮೇಲೆ ತಕ್ಷಣ ಎದ್ದು ಓಡುವುದು ಇಬ್ಬರ ಜಾಯಮಾನವೂ ಅಲ್ಲ. ಹಾರ್ಡಿ ಬೀಳುತ್ತಾನೆ, ಸುಮ್ಮನೆ ಕೂರುತ್ತಾನೆ, ಆಮೇಲೆ ನೇರವಾಗಿ ನಮ್ಮತ್ತ ನೋಡುತ್ತಾನೆ. 'ಇಂಥವನ ಜೊತೆ ಹೇಗಪ್ಪ ಬಾಳುವೆ ಮಾಡಲಿ' ಎಂಬ ಆ ನೋಟಕ್ಕೆ ಮಾತು ಬೇಕಿಲ್ಲ. ಪ್ರೇಕ್ಷಕರು ನಕ್ಕು ಮುಗಿಸಲು ಬೇಕಾದ ಬಿಡುವು ಅವರ ಅಭಿನಯದಲ್ಲಿ ಮೊದಲೇ ಇತ್ತು. ಸದ್ದು ಬಂದು ಆ ಬಿಡುವಿನೊಳಗೆ ನೆಮ್ಮದಿಯಾಗಿ ಕೂತಿತು.

ಮೆಟ್ಟಿಲುಗಳ ಮೇಲೆ ನಡೆಯುವುದಾದರೂ ಏನು? ಮಗುವಿನ ತಳ್ಳುಗಾಡಿಯೊಂದಿಗೆ ದಾದಿಯೊಬ್ಬಳು ಇಳಿದು ಬರುತ್ತಾಳೆ. ಅವಳಿಗೆ ದಾರಿ ಬಿಡಲು ಹೋಗಿ ಪೆಟ್ಟಿಗೆ ಕೆಳಗೆ. ಅವಳು ನಗುತ್ತಾಳೆ, ಲಾರೆಲ್ ಹಿಂದಿನಿಂದ ಒದೆಯುತ್ತಾನೆ. ಪೋಲೀಸಿನವನ ಬಳಿ ಆಕೆ ಕೊಡುವ ದೂರು ಸೊಗಸಾಗಿದೆ: ತನ್ನ ನಿತ್ಯಕರ್ತವ್ಯದ ನಟ್ಟನಡುವೆಯೇ ಒದ್ದನಂತೆ! ಆಮೇಲೆ ಬರುವವನು ಪ್ರೊಫೆಸರ್ ಶ್ವಾರ್ಜನ್‌ಹೋಫೆನ್. ಬಿಲ್ಲಿ ಗಿಲ್ಬರ್ಟ್ ಆ ಪಾತ್ರವನ್ನು ಕುದಿಯುವ ಹಂಡೆಯ ಹಾಗೆ ಆಡಿದ್ದಾರೆ. ಪೆಟ್ಟಿಗೆಯನ್ನು ಸುತ್ತಿಕೊಂಡು ಹೋಗಿ ಎಂದದ್ದಕ್ಕೆ ಆತ ತನ್ನ ಹೆಸರಿನ ಹಿಂದಿರುವ ಪದವಿಗಳನ್ನೆಲ್ಲ ಒದರುತ್ತಾನೆ. ಅಕ್ಷರಗಳು ಮುಗಿದು ಕೊನೆಗೆ ಬರೀ 'ಎಫ್ ಎಫ್ ಎಫ್' ಉಳಿಯುತ್ತದೆ. ಅವನ ರೇಷ್ಮೆ ಟೋಪಿ ಮೆಟ್ಟಿಲುಗಳನ್ನೆಲ್ಲ ಉರುಳಿ, ಬೀದಿಯಲ್ಲಿ ಲಾರಿಯ ಗಾಲಿಗೆ ಸಿಕ್ಕಿ ಚಪ್ಪಟೆಯಾಗುತ್ತದೆ.

ಬಿದ್ದು ಎದ್ದು ಅಂತೂ ತುದಿ ಮುಟ್ಟಿದರು. ಅಷ್ಟರಲ್ಲಿ ಅಂಚೆಯವನು ಬಂದು ಕೇಳುತ್ತಾನೆ: ಗುಡ್ಡ ಬಳಸಿ ಮನೆಯ ಬಾಗಿಲವರೆಗೂ ಗಾಡಿ ಬರುವ ರಸ್ತೆ ಇದೆಯಲ್ಲ, ಹೊತ್ತು ತಂದದ್ದೇಕೆ? ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಅದು ಮೊದಲೇ ಹೊಳೆಯಲಿಲ್ಲವಲ್ಲ ಎಂದು ಪೇಚಾಡಿ, ಪಿಯಾನೊವನ್ನು ಪುನಃ ಎತ್ತಿಕೊಂಡು, ಅಷ್ಟೂ ಮೆಟ್ಟಿಲು ಇಳಿದು, ಗಾಡಿಗೆ ಹೇರಿ, ರಸ್ತೆಯ ದಾರಿಯಲ್ಲಿ ಮೇಲೆ ತರುತ್ತಾರೆ. ಇದನ್ನು ಪೆದ್ದುತನ ಎಂದು ಕರೆಯಲು ನನಗೆ ಮನಸ್ಸಿಲ್ಲ. ಕೆಲಸವನ್ನು ಸರಿಯಾದ ಕ್ರಮದಲ್ಲಿಯೇ ಮಾಡಬೇಕೆಂಬ ಶ್ರದ್ಧೆ ಅದು. ಎಷ್ಟೋ ಕಚೇರಿಗಳಲ್ಲಿ ಮುಗಿದ ಕೆಲಸದ ಕಡತ ಮತ್ತೆ ಕೆಳಗಿನ ಮೇಜಿಗೆ ಇಳಿದು, ನಿಯಮದ ದಾರಿಯಲ್ಲಿ ಮೇಲೆ ಬರುವುದನ್ನು ನಾನು ನೋಡಿದ್ದೇನೆ. ಅಲ್ಲಿ ಯಾರೂ ನಗುವುದಿಲ್ಲ.

ಮನೆಯೊಳಗಿನ ಭಾಗ ನನಗೆ ಕೊಂಚ ಎಳೆದಂತೆ ಕಾಣುತ್ತದೆ. ರಾಟೆ, ಹಗ್ಗ, ಮಹಡಿಯ ಕಿಟಕಿ, ಅಂಗಳದ ಕೊಳ, ನೀರು ಸುರಿಸುವ ಪಿಯಾನೊ, ಎಲ್ಲವೂ ಇವೆ, ಮೆಟ್ಟಿಲುಗಳ ಸರಳ ಬಿಗಿ ಇಲ್ಲ. ಆದರೆ ಒಂದು ಗಳಿಗೆಯನ್ನು ಬಿಡುವಂತಿಲ್ಲ. ಆ ಪಿಯಾನೊ ತೂತು ಕೊರೆದ ಕಾಗದದ ಸುರುಳಿಯಿಂದ ತಾನೇ ನುಡಿಯುವ ಬಗೆಯದು. ಚಾಲೂ ಮಾಡಿ, ಚೂರುಪಾರು ಗುಡಿಸುತ್ತ ಗುಡಿಸುತ್ತ ಇಬ್ಬರೂ ಹೆಜ್ಜೆ ಹಾಕತೊಡಗುತ್ತಾರೆ. ಅಷ್ಟು ಹೊತ್ತು ನರಳಿದ ವಾದ್ಯ ಈಗ ಹಾಡುತ್ತಿದೆ, ಹೊತ್ತವರು ಕುಣಿಯುತ್ತಿದ್ದಾರೆ. ಆ ಭಾರಿ ದೇಹದ ಹಾರ್ಡಿಯ ಪಾದ ಎಷ್ಟು ಹಗುರ!

ಮನೆ ಆ ಪ್ರೊಫೆಸರನದೇ ಎಂದು ನೀವು ಊಹಿಸಿರಬಹುದು. ಪಿಯಾನೊ ಕಂಡರೆ ಅವನಿಗೆ ಆಗದು. ಕೊಡಲಿ ಎತ್ತಿ ಕಡಿಯುತ್ತಾನೆ. ನಡುವೆ ಆ ವಾದ್ಯ ಅಮೆರಿಕದ ರಾಷ್ಟ್ರಗೀತೆ ನುಡಿಸಿಬಿಡುತ್ತದೆ. ಅದು ಅಧಿಕೃತವಾಗಿ ರಾಷ್ಟ್ರಗೀತೆಯಾಗಿ ಆಗಿನ್ನೂ ಒಂದು ವರ್ಷವಷ್ಟೇ ಆಗಿತ್ತು. ಮೂವರೂ ಸೆಟೆದು ನಿಂತು ವಂದನೆ ಸಲ್ಲಿಸುತ್ತಾರೆ. ಆಮೇಲೆ ಕೊಡಲಿ ಮತ್ತೆ ಮೇಲೇಳುತ್ತದೆ.

ಕಿರು ಹಾಸ್ಯಚಿತ್ರಗಳಿಗೆಂದು ಆಸ್ಕರ್ ಪ್ರಶಸ್ತಿ ಆರಂಭವಾದ 1932ರಲ್ಲಿಯೇ ಅದು ಈ ಚಿತ್ರಕ್ಕೆ ಸಂದಿತು. 1997ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೂ ಸೇರಿತು. ನಿಮಗೆ ನೋಡಲು ಸಿಕ್ಕರೆ ಒಮ್ಮೆ ನೋಡಿ. ಎರಡನೆಯ ಸಲ, ಆಕಾಶವಾಣಿಯ ಕೇಳುಗರಾಗಿ, ಕಣ್ಣು ಮುಚ್ಚಿ ಮೆಟ್ಟಿಲುಗಳ ಭಾಗವನ್ನಷ್ಟೇ ಕೇಳಿ. ಪೆಟ್ಟಿಗೆ ಈಗ ಎಷ್ಟನೆಯ ಮೆಟ್ಟಿಲಿನಲ್ಲಿದೆ ಎಂದು ನಿಮಗೇ ತಿಳಿಯುತ್ತದೆ. ನಮಸ್ಕಾರ.