ಯೂರಿಯಾದಿಂದ ಒಂದು ಹಳದಿ ಪುಡಿ

ಕೇಳುಗ ಬಂಧುಗಳೇ, ನಮಸ್ಕಾರ.

ತುಂಗಭದ್ರಾ ಎಡದಂಡೆ ನಾಲೆಗೆ ನೀರು ಬಂತೆಂದರೆ ಗಂಗಾವತಿ, ಸಿಂಧನೂರು, ಮಾನ್ವಿ ಕಡೆಯೆಲ್ಲ ಭತ್ತದ ನಾಟಿ ಶುರು. ಅದರ ಹಿಂದೆಯೇ ಯೂರಿಯಾ ಚೀಲದ ಓಡಾಟ. ನೂರು ಕೆಜಿ ಯೂರಿಯಾದಲ್ಲಿ 46 ಕೆಜಿ ಸಾರಜನಕವೇ. ಉಳಿದದ್ದು ಇಂಗಾಲ, ಜಲಜನಕ, ಆಮ್ಲಜನಕ. ಈ ನಾಲ್ಕರಲ್ಲಿ ಇಂಗಾಲ ಮತ್ತು ಸಾರಜನಕ ಎರಡೇ ಒಂದಕ್ಕೊಂದು ಅಂಟಿಕೊಂಡರೆ ಏನೇನಾಗುತ್ತದೆ ಎಂಬುದೇ ಇವತ್ತಿನ ಮಾತು.

1815ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಗೇ-ಲುಸಾಕ್ ಪಾದರಸದ ಸಯನೈಡನ್ನು ಕಾಯಿಸಿ ಒಂದು ಅನಿಲ ಪಡೆದರು. ಹೆಸರು ಸಯನೋಜನ್. ಅದರಲ್ಲಿರುವುದು ಎರಡು ಇಂಗಾಲ, ಎರಡು ಸಾರಜನಕ, ಅಷ್ಟೇ. ಬಣ್ಣವಿಲ್ಲ, ಘೋರ ವಿಷ. ಆಮ್ಲಜನಕದಲ್ಲಿ ಉರಿಸಿದರೆ ಜ್ವಾಲೆ 4500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಇದೇ ಕುಟುಂಬದ ಡೈಸಯನೋ ಅಸಿಟಿಲೀನ್ ಸುಮಾರು 5000 ಡಿಗ್ರಿಯಲ್ಲಿ ಉರಿಯುತ್ತದೆ. ಸೂರ್ಯನ ಮೇಲ್ಮೈ ಇರುವುದೇ 5500 ಡಿಗ್ರಿಯಷ್ಟು! 1910ರಲ್ಲಿ ಹ್ಯಾಲಿ ಧೂಮಕೇತುವಿನ ಬಾಲದಲ್ಲಿ ಸಯನೋಜನ್ ಇದೆಯೆಂದು ತಿಳಿದಾಗ, ಭೂಮಿ ಆ ಬಾಲದೊಳಗೆ ಹಾಯುವಾಗ ತಮ್ಮ ಕಥೆ ಮುಗಿಯಿತೆಂದು ಎಷ್ಟೋ ದೇಶಗಳ ಜನ ಕಂಗಾಲಾದರು. ಬಾಲ ಅತಿ ತೆಳು. ಯಾರಿಗೂ ಏನೂ ಆಗಲಿಲ್ಲ.

ಒಂದು ಇಂಗಾಲ, ಒಂದು ಸಾರಜನಕದ ಜೋಡಿ ಋಣ ವಿದ್ಯುದಂಶ ಹೊತ್ತರೆ ಅದೇ ಸಯನೈಡ್. ಹಟ್ಟಿಯ ಚಿನ್ನದ ಗಣಿಯವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಪುಡಿ ಮಾಡಿದ ಅದಿರಿಗೆ ಸೋಡಿಯಂ ಸಯನೈಡಿನ ದ್ರಾವಣ ಸೇರಿಸಿ ಗಾಳಿ ಹಾಯಿಸಿದರೆ, ಯಾವ ಸಾಮಾನ್ಯ ಆಮ್ಲಕ್ಕೂ ಜಗ್ಗದ ಚಿನ್ನ ಕರಗಿ ನೀರಿಗಿಳಿಯುತ್ತದೆ. ಅದಕ್ಕೆ ಸುಣ್ಣ ಬೆರೆಸುವುದು ಜೀವದ ಪ್ರಶ್ನೆ. ದ್ರಾವಣ ಹುಳಿಯಾದರೆ ವಿಷಾನಿಲ ಏಳುತ್ತದೆ. ಸುಣ್ಣ ಅದನ್ನು ತಡೆದು ಹಿಡಿಯುತ್ತದೆ.

ಇನ್ನೊಂದು ತುದಿಗೆ, ಈ ಎರಡೇ ಮೂಲವಸ್ತುಗಳಿಂದ ವಜ್ರಕ್ಕೆ ಸಾಟಿಯಾದ ಗಟ್ಟಿ ಘನವಸ್ತು ಆಗಬಹುದೆಂದು 1989ರಲ್ಲಿ ಭೌತವಿಜ್ಞಾನಿಗಳಾದ ಏಮಿ ಲಿಯು ಮತ್ತು ಮಾರ್ವಿನ್ ಕೊಹೆನ್ ಲೆಕ್ಕ ಹಾಕಿ ತೋರಿಸಿದರು. ಕೊನೆಗೆ 2023ರಲ್ಲಿ, ವಾತಾವರಣದ ಒತ್ತಡದ ಏಳು ಲಕ್ಷ ಪಟ್ಟು ಮತ್ತು ಅದಕ್ಕೂ ಮೀರಿದ ಒತ್ತಡದಲ್ಲಿ ಅಂಥ ಅತಿಗಡಸು ಹರಳುಗಳು ಕೈಗೆ ಬಂದವು. ಕಣ್ಣಿಗೆ ಕಾಣದಷ್ಟು ಸಣ್ಣವು.

ನನ್ನ ಮನಸ್ಸು ಹಿಡಿದಿರುವುದು ಮಾತ್ರ ಬಡ ವಸ್ತುವಿನ ಮೇಲೆ. ಯೂರಿಯಾ ಅಥವಾ ಅದರಂತೆಯೇ ಸಾರಜನಕ ತುಂಬಿದ ಮೆಲಮೈನನ್ನು ಮುಚ್ಚಿದ ಮೂಸೆಯಲ್ಲಿಟ್ಟು 550 ಡಿಗ್ರಿಯ ಕುಲುಮೆಯಲ್ಲಿ ಕೆಲವು ಗಂಟೆ ಕಾಯಿಸುತ್ತಾರೆ. ಮೊದಲು ಕರಗುತ್ತದೆ, ಅಮೋನಿಯ ಘಾಟು ಏಳುತ್ತದೆ, ಬಹುಪಾಲು ಆವಿಯಾಗಿ ಹೋಗುತ್ತದೆ. ಮುಚ್ಚಳ ತೆಗೆದರೆ ತಳದಲ್ಲಿ ತಿಳಿಹಳದಿ ಪುಡಿ. ಯೂರಿಯಾದಿಂದಾದರೆ ಪುಡಿ ತೀರಾ ಹಗುರ, ಉಸಿರು ತಾಗಿದರೆ ಹಾರುತ್ತದೆ. ನೀರಿನಲ್ಲಿ ಕರಗದು. ಇದು ಗ್ರಾಫೈಟಿನಂತೆ ಪದರ ಪದರವಾಗಿರುವ ಕಾರ್ಬನ್ ನೈಟ್ರೈಡ್. ಮೂರು ಇಂಗಾಲಕ್ಕೆ ನಾಲ್ಕು ಸಾರಜನಕ ಎಂಬುದು ಅದರ ಲೆಕ್ಕ. ಕುಲುಮೆಯಿಂದ ಬಂದದ್ದರಲ್ಲಿ ಒಂದಿಷ್ಟು ಜಲಜನಕವೂ ಉಳಿದಿರುತ್ತದೆ. ದಯವಿಟ್ಟು ಮನೆಯ ಒಲೆಯ ಮೇಲೆ ಪ್ರಯತ್ನಿಸಬೇಡಿ. ಏಳುವ ಹೊಗೆ ಶ್ವಾಸಕೋಶ ಸುಡುತ್ತದೆ.

ಇದರ ಹತ್ತಿರದ ಬಂಧುವನ್ನು ಜರ್ಮನಿಯ ರಸಾಯನ ವಿಜ್ಞಾನಿ ಲೀಬಿಗ್ 1834ರಲ್ಲೇ ವರ್ಣಿಸಿದ್ದರು. ಆಮೇಲೆ ಬಹುಕಾಲ ಯಾರೂ ಅದನ್ನು ಅಷ್ಟಾಗಿ ಕೇಳಲಿಲ್ಲ. 2009ರಲ್ಲಿ ಚೀನಾ, ಜರ್ಮನಿ, ಜಪಾನಿನ ವಿಜ್ಞಾನಿಗಳು ಸೇರಿ ಪ್ರಕಟಿಸಿದ ಪ್ರಬಂಧ ದಿಕ್ಕನ್ನೇ ಬದಲಿಸಿತು. ಈ ಪುಡಿಯನ್ನು ನೀರಿನಲ್ಲಿ ಕಲಕಿ ಬೆಳಕು ಬಿಟ್ಟರೆ, ನೀರಿನಿಂದ ಜಲಜನಕದ, ಅಂದರೆ ಹೈಡ್ರೋಜನ್ನಿನ ಗುಳ್ಳೆ ಏಳುತ್ತದೆ! ಬೆಳಕು ತಾಗಿದಾಗ ಪುಡಿಯೊಳಗಿನ ಎಲೆಕ್ಟ್ರಾನ್ ಜಾಗ ಬಿಟ್ಟು ಮೇಲೇಳುತ್ತದೆ, ನೀರಿನಲ್ಲಿರುವ ಜಲಜನಕದ ಧನಕಣಗಳಾದ ಪ್ರೋಟಾನ್‌ಗಳನ್ನು ಸೇರಿ ಅನಿಲವಾಗಿಸುತ್ತದೆ. ಉರಿದಾಗ ಮತ್ತೆ ನೀರೇ ಆಗುವ ಇಂಧನ ಅದು.

ರಾಯಚೂರಿನ ಏಪ್ರಿಲ್ ಬಿಸಿಲು ಕಂಡವರಿಗೆ ಇದನ್ನು ಕೇಳಿ ಆಸೆ ಹುಟ್ಟದಿರದು. ನನಗೂ ಹುಟ್ಟಿದೆ. ಆದರೆ ಅಡ್ಡಿಗಳು ಗಟ್ಟಿಯಾಗಿವೆ. ಈ ಪುಡಿ ಹೀರುವುದು ಮುಖ್ಯವಾಗಿ ನೇರಳಾತೀತ, ನೇರಳೆ, ನೀಲಿ ಬೆಳಕನ್ನು. ಹಸಿರು, ಕೆಂಪು ಹಾಗೆಯೇ ಜಾರಿ ಹೋಗುತ್ತವೆ. ಮೇಲೆದ್ದ ಎಲೆಕ್ಟ್ರಾನ್ ಬಹುಪಾಲು ಸಲ ಕೆಲಸ ಮಾಡುವ ಮೊದಲೇ ತನ್ನ ಹಳೆಯ ಜಾಗಕ್ಕೆ ಮರಳಿಬಿಡುತ್ತದೆ. ಅದಕ್ಕೇ ಪ್ರಯೋಗಗಳಲ್ಲಿ ದುಬಾರಿ ಪ್ಲಾಟಿನಂ ಸೇರಿಸುತ್ತಾರೆ, ಪುಡಿಗೆ ತನ್ನ ಎಲೆಕ್ಟ್ರಾನ್ ಕೊಟ್ಟು ತಾನೇ ಬಲಿಯಾಗುವ ಇನ್ನೊಂದು ರಾಸಾಯನಿಕವನ್ನೂ ನೀರಿಗೆ ಬೆರೆಸುತ್ತಾರೆ. ಈಗ ಪ್ರಯೋಗಶಾಲೆಗಳಲ್ಲಿ ನಡೆದಿರುವ ದುಡಿಮೆ ಇದೇ: ಪುಡಿಯ ಪದರಗಳನ್ನು ತೆಳುವಾಗಿ ಬಿಡಿಸುವುದು, ಗಂಧಕ, ರಂಜಕ ಸೇರಿಸಿ ಹೆಚ್ಚು ಬೆಳಕು ಹೀರುವಂತೆ ಮಾಡುವುದು, ಪ್ಲಾಟಿನಂ ಬದಲು ನಿಕ್ಕಲಿನಂಥ ಅಗ್ಗದ ಲೋಹ ಹುಡುಕುವುದು.