ಸೀಲ್ ಒಡೆದಿಲ್ಲ, ಚೀಲ ಮಾತ್ರ ಕಡಿಮೆ

[ದೃಶ್ಯ: ಕಂಟೇನರ್‌ನ ಹಿಂಬಾಗಿಲು, ಹತ್ತಿರದಿಂದ]

ಕಂಟೇನರ್ ಬಾಗಿಲಿನ ಸೀಲ್, ಅಂದರೆ ಮುರಿಯದೆ ತೆಗೆಯಲಾಗದ ನಂಬರಿನ ಬೀಗ, ಹಾಕಿದ್ದು ಹಾಕಿದಂಗೇ ಇದೆ, ನಂಬರೂ ಸರಿ. ಬಾಗಿಲು ತೆರೆದರೆ ಚೀಲ ಕಡಿಮೆ. ಹೇಗೆ? ಹಿಡಿಯ ಬುಡ ನೋಡ್ರಿ. ಹಿಡಿಯನ್ನು ಬಾಗಿಲಿನ ಸರಳಿಗೆ ಜೋಡಿಸಿರುವ ರಿವೆಟ್ಟನ್ನು ಡ್ರಿಲ್ ಮಾಡಿ ತೆಗೆದರೆ, ಸೀಲ್ ಮುಟ್ಟದೆಯೇ ಬಾಗಿಲು ತೆರೆಯಬಹುದು. ಆಮೇಲೆ ಅಲ್ಲೊಂದು ನಟ್ ಬೋಲ್ಟ್ ಹಾಕಿ ಬಣ್ಣ ಬಳಿದರೆ ಮುಗಿಯಿತು. ಎಲ್ಲ ತುಕ್ಕು ಹಿಡಿದಿರುವಾಗ ಒಂದೇ ಬೋಲ್ಟ್ ಹೊಸದಾಗಿ ಹೊಳೆಯುತ್ತಿದ್ದರೆ ಅನುಮಾನ ಪಡ್ರಿ.

[ದೃಶ್ಯ: ನಕ್ಷೆ. ಕಲಬುರಗಿ, ಹೈದರಾಬಾದ್, ನವಾ ಶೇವಾ]

ಕಲಬುರಗಿಯ ದಾಲ್ ಮಿಲ್ಲಿನಿಂದ ತೊಗರಿಬೇಳೆ ಹೊರಟಿತು ಅಂದುಕೊಳ್ಳಿ. ಲಾರಿಯಲ್ಲಿ ಹೈದರಾಬಾದಿನ ಸನತ್‌ನಗರದ ಕಂಟೇನರ್ ಡಿಪೊ, ಅಲ್ಲಿಂದ ರೈಲಿನಲ್ಲಿ ಮುಂಬೈ ಹತ್ತಿರದ ನವಾ ಶೇವಾ ಬಂದರು, ಆಮೇಲೆ ಹಡಗು. ತಮಾಷೆ ಅಂದರೆ ಆ ರೈಲು ಮತ್ತೆ ನಮ್ಮ ಕಲಬುರಗಿ ಜಿಲ್ಲೆಯ ವಾಡಿ ಮೇಲೆಯೇ ಹಾದು ಹೋಗಬಹುದು! ಓಡುವ ಗಾಡಿಯಿಂದ ಮಾಲು ಇಳಿಸುವುದು ಕಷ್ಟ. ನಿಂತಾಗ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ ಸುಲಭ. ಅದಕ್ಕೆ ಕಳ್ಳನಿಗೆ ಕಟ್ಟರ್‌ಗಿಂತ ಮೊದಲು ಬೇಕಾಗುವುದು ಮಾಹಿತಿ. ಯಾವ ಡಬ್ಬ (ಕಂಟೇನರ್), ಎಲ್ಲಿ, ಎಷ್ಟು ಹೊತ್ತಿಗೆ.

ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನಲ್ಲಿ 2011ರಿಂದ 2013ರವರೆಗೆ ನಡೆದದ್ದು ಇದೇ. ಮಾದಕ ವಸ್ತು ಸಾಗಿಸುವವರು ಮೊದಲು ಇಮೇಲ್ ಮೂಲಕ ಕಂಪನಿಗಳ ಕಂಪ್ಯೂಟರಿಗೆ ಕುತಂತ್ರಾಂಶ ತೂರಿಸಿದರು. ಆ ದಾರಿ ಮುಚ್ಚಿದ ಮೇಲೆ ಕಚೇರಿಗೇ ನುಗ್ಗಿ, ಕೀಬೋರ್ಡ್ ಒತ್ತಿದ್ದನ್ನೆಲ್ಲ ದಾಖಲಿಸುವ ಸಾಧನ ಅಡಗಿಸಿಟ್ಟರು. ಡಬ್ಬದ ಜಾಗ, ಬಿಡುಗಡೆಯ ವಿವರ ತಿಳಿದು, ಅಸಲಿ ಲಾರಿ ಬರುವ ಮೊದಲೇ ತಮ್ಮ ಲಾರಿ ಕಳಿಸಿದರು. ಕಂಪ್ಯೂಟರ್ ಕೋಣೆಗೆ ಬೀಗ ಹಾಕುವುದು ಕಾವಲುಗಾರನ ಕೆಲಸವೋ ಐಟಿಯವರದೋ ಅಂತ ಚರ್ಚೆ ಮಾಡುವವರು ಇದನ್ನು ಕೇಳಬೇಕು.

[ದೃಶ್ಯ: ಬೋಲ್ಟ್ ಸೀಲ್, ಎಚ್ ಅಕ್ಷರ ಕಾಣುವಂತೆ]

ಈಗ ಸೀಲ್. ಐಎಸ್‌ಒ 17712 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಹೆಚ್ಚಿನ ಭದ್ರತೆಯ ಸೀಲ್ ಮೇಲೆ ಎಚ್ ಅಂತ ಇರುತ್ತದೆ. ಎಳೆದರೆ ಕನಿಷ್ಠ 10 ಕಿಲೋನ್ಯೂಟನ್, ಅಂದರೆ ಸುಮಾರು ಒಂದು ಟನ್ ತೂಕದಷ್ಟು ಬಲ ತಡೆಯಬೇಕು. ಐ ಅಂತಿದ್ದರೆ ಅದು ತೆರೆದದ್ದನ್ನು ತೋರಿಸುತ್ತದೆ ಅಷ್ಟೇ, ತಡೆಯುವುದಿಲ್ಲ. ಕಂಟೇನರ್‌ನ ಬಲ ಬಾಗಿಲು ಮೊದಲು ತೆರೆಯುವುದರಿಂದ ಸೀಲ್ ಬಲ ಬಾಗಿಲಿಗೇ ಬೀಳಬೇಕು. ಹಾಕಿದ ಮೇಲೆ ಕಣ್ಣಿಟ್ಟು ನೋಡಿ, ನಂಬರ್ ಕಾಗದದ ಜೊತೆ ತಾಳೆ ಮಾಡಿ, ಜಗ್ಗಿ, ತಿರುವಿ ನೋಡ್ರಿ. ತಿರುವಿ ನೋಡುವುದು ಯಾಕೆ ಅಂದರೆ, ಒಳಗೆ ಸ್ಕ್ರೂ ಗೆರೆ ಕೊರೆದು ಸ್ಕ್ರೂ ತರಹ ಬಿಚ್ಚಿ ಮತ್ತೆ ಹಾಕುವ ನಕಲಿ ಬೋಲ್ಟ್ ಬರುತ್ತವೆ. ಖಾಲಿ ಸೀಲ್‌ಗಳ ಪೆಟ್ಟಿಗೆ ಬೀಗದಲ್ಲಿರಲಿ, ಯಾರಿಗೆ ಯಾವ ನಂಬರ್ ಕೊಟ್ಟಿರಿ ಅಂತ ಪುಸ್ತಕದಲ್ಲಿ ಬರೀರಿ.

ತುಂಬುವ ಮೊದಲು ಖಾಲಿ ಡಬ್ಬಕ್ಕೆ ಟೇಪ್ ಹಿಡೀರಿ. 20 ಅಡಿಯದರ ಒಳಗಿನ ಉದ್ದ ಸುಮಾರು 5.9 ಮೀಟರ್. ಅಳತೆ ಕಡಿಮೆ ಬಂದರೆ ಮುಂದಿನ ಗೋಡೆಯ ಹಿಂದೆ ಇನ್ನೊಂದು ಗೋಡೆ ಇರಬಹುದು. ಡಬ್ಬದ ಮೇಲೆ ನಾಲ್ಕು ಅಕ್ಷರ, ಆರು ಅಂಕಿ, ಕೊನೆಗೆ ಚೌಕದಲ್ಲಿ ಒಂದು ಅಂಕಿ ಇರುತ್ತದೆ. ಆ ಕೊನೆಯ ಅಂಕಿ ಮೊದಲ ಹತ್ತರ ಲೆಕ್ಕದಿಂದ ಬಂದದ್ದು. ನಂಬರ್ ಬರೆಯುವಾಗ ತಪ್ಪಾದರೆ ಬಹುತೇಕ ಅಲ್ಲೇ ಸಿಕ್ಕಿಬೀಳುತ್ತದೆ.

[ದೃಶ್ಯ: ಮೊಬೈಲ್‌ನಲ್ಲಿ ವಾಟ್ಸ್ಯಾಪ್ ಗುಂಪು]

ಇಲ್ಲಿಯ ದೊಡ್ಡ ತೂತು ಫೋನ್. "ಅರ್ಜೆಂಟ್ ಲೋಡ್, ಗಾಡಿ ಬೇಕು" ಅಂತ ಗುಂಪಿನಲ್ಲಿ ಹಾಕಿದರೆ ಅಪರಿಚಿತ ಲಾರಿ ಬಂದು ನಿಲ್ಲುತ್ತದೆ, ಮಾಲು ತುಂಬಿಕೊಂಡು ಹೋದದ್ದು ಹೋದದ್ದೇ. ಆರ್‌ಸಿ ಫೋಟೊ ನಂಬಬೇಡ್ರಿ. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ, ಬಂದ ವಿವರವನ್ನು ಲಾರಿಯ ಚಾಸಿ ನಂಬರ್ ಜೊತೆ ನೀವೇ ತಾಳೆ ನೋಡ್ರಿ. ನಂಬರ್ ಪ್ಲೇಟ್ ಬದಲಿಸುವುದು ಹತ್ತು ನಿಮಿಷದ ಕೆಲಸ. ಜಿಎಸ್‌ಟಿಯ ಇ-ವೇ ಬಿಲ್ಲಿನಲ್ಲಿ ಗಾಡಿ ನಂಬರ್ ಬರೆಯುವ ಪಾರ್ಟ್ ಬಿಯಲ್ಲಿರುವ ಗಾಡಿಯೇ ಕಾಟಾದ (ತೂಕದ ಕಟ್ಟೆಯ) ಮೇಲೆ ನಿಂತಿರಬೇಕು. ಬಿಲ್ಟಿ (ಲಾರಿ ರಸೀದಿ), ಸೀಲ್ ನಂಬರಿನ ಫೋಟೊ ಸ್ಟೇಟಸ್‌ಗೆ ಹಾಕಬಾರದು ಅಂತ ಡ್ರೈವರ್ ಅಣ್ಣನಿಗೂ ಹಮಾಲರಿಗೂ ಹೇಳ್ರಿ. "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಅಂತ ಇಮೇಲ್ ಬಂದರೆ ಅದರಲ್ಲಿರುವ ನಂಬರಿಗೆ ಅಲ್ಲ, ನಿಮ್ಮ ಹಳೇ ಡೈರಿಯ ನಂಬರಿಗೆ ಫೋನ್ ಮಾಡ್ರಿ.

ಜಿಪಿಎಸ್ ಹಾಕಿದ್ದೇವೆ ಅಂತ ನಿಶ್ಚಿಂತರಾಗುವುದು ಬೇಡ. ಅಗ್ಗದ ಎಷ್ಟೋ ಟ್ರ್ಯಾಕರ್‌ಗಳ ಪಾಸ್‌ವರ್ಡ್ ಫ್ಯಾಕ್ಟರಿಯಿಂದ ಬಂದ 123456 ಹಾಗೇ ಇರುತ್ತದೆ. ಅದರ ಸಿಮ್ ನಂಬರ್ ಗೊತ್ತಿದ್ದರೆ ಎಸ್‌ಎಂಎಸ್ ಕಳಿಸಿ ಯಾರು ಬೇಕಾದರೂ ಗಾಡಿ ಎಲ್ಲಿದೆ ನೋಡಬಹುದು. ಮೊದಲ ದಿನವೇ ಬದಲಿಸ್ರಿ. ಸಿಗ್ನಲ್ ನಿಂತರೆ ಅದನ್ನೇ ಎಚ್ಚರಿಕೆ ಅಂತ ಭಾವಿಸ್ರಿ, ಏಕೆಂದರೆ ಸಿಗ್ನಲ್ ಅಡ್ಡಗಟ್ಟುವ ಸಾಧನವಾದ ಜ್ಯಾಮರ್ ಮಾಡುವುದು ಅದನ್ನೇ.

[ದೃಶ್ಯ: ಕಚೇರಿ, ಹೊರಗೆ ತೆಗೆದಿಟ್ಟ ಹಾರ್ಡ್ ಡಿಸ್ಕ್]

2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ಕುತಂತ್ರಾಂಶದ ದಾಳಿ ಮರ್ಸ್ಕ್ ಹಡಗು ಕಂಪನಿಯ ಕಂಪ್ಯೂಟರ್‌ಗಳನ್ನು ಕೆಡವಿತು. ನವಾ ಶೇವಾದ ಒಂದು ಟರ್ಮಿನಲ್ ಕೂಡ ಸಿಕ್ಕಿಬಿತ್ತು. ಕಂಪನಿಯ ಕಂಪ್ಯೂಟರ್ ಜಾಲದಲ್ಲಿ ಯಾರಿಗೆ ಏನು ಅನುಮತಿ ಅಂತ ಇಡುವ ಮುಖ್ಯ ದಾಖಲೆಯ ಒಂದೇ ಪ್ರತಿ ಉಳಿದದ್ದು ಘಾನಾದಲ್ಲಿ. ಅದೂ ಕರೆಂಟ್ ಹೋಗಿ ಆ ಸರ್ವರ್ ಆಫ್ ಆಗಿದ್ದರಿಂದ! ಆದ್ದರಿಂದ ವಾರಕ್ಕೊಮ್ಮೆ ಹಾರ್ಡ್ ಡಿಸ್ಕಿಗೆ ಬ್ಯಾಕಪ್ ಮಾಡಿ ಅದರ ವೈರ್ ಕಿತ್ತಿಡ್ರಿ. ಆನ್‌ಲೈನ್ ವಂಚನೆಯಲ್ಲಿ ಹಣ ಹೋದರೆ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಫೋನ್. ಕಂಪನಿಗಳ ಮೇಲೆ ಸೈಬರ್ ದಾಳಿಯಾದರೆ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು.

[ದೃಶ್ಯ: ಮಾಲು ಇಳಿಸುವ ಜಾಗ]

ಮಾಲು ಬಂದು ತಲುಪಿದಾಗ ಸೀಲ್ ನಂಬರ್ ಹೊಂದದಿದ್ದರೆ ತೆರೆಯಬೇಡ್ರಿ. ಫೋಟೊ ತೆಗೆದು, ವಿಮೆಯವರಿಗೆ ತಿಳಿಸಿ, ರಸೀದಿಯ ಮೇಲೆ "ಸೀಲ್ ಹೊಂದುತ್ತಿಲ್ಲ" ಅಂತ ಬರೆದೇ ಸಹಿ ಮಾಡ್ರಿ. ಒಂದೇ ಬಹುಮಾದರಿ ಸಾಗಣೆ ದಾಖಲೆಯಲ್ಲಿ, ಅಂದರೆ ಲಾರಿ, ರೈಲು, ಹಡಗಿಗೆಲ್ಲ ಸೇರಿ ಒಂದೇ ಕಾಗದದಲ್ಲಿ, ಬಂದ ಮಾಲಿನ ಹೊರಗೆ ಕಾಣದ ಹಾನಿಗೆ, 1993ರ ಬಹುಮಾದರಿ ಸರಕು ಸಾಗಣೆ ಕಾಯ್ದೆಯಂತೆ ಕೈಗೆ ಬಂದ 6 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ಬರೀ ಲಾರಿಯಲ್ಲಿ ಬಂದದ್ದಾದರೆ ನೋಟಿಸ್ ಕೊಡಲು ಬುಕ್ ಮಾಡಿದ ದಿನದಿಂದ 180 ದಿನ ಇದೆ.